ಸೆಡ್ಡು ಹೊಡೆದರೆ ಬಲ ಹೆಚ್ಚುವುದೇ?

ಹೊಸಪೇಟೆ, ಕಂಪ್ಲಿ ಕಡೆ ಜಾತ್ರೆಯ ಕುಸ್ತಿಯನ್ನೋ ಹಂಪಿ ಉತ್ಸವದ ಕುಸ್ತಿ ಪಂದ್ಯಗಳನ್ನೋ ನೀವು ನೋಡಿದ್ದರೆ ಈ ದೃಶ್ಯ ನಿಮಗೆ ಪರಿಚಿತ. ಪೈಲ್ವಾನ ಕಣಕ್ಕಿಳಿಯುತ್ತಾನೆ. ಒಂದು ಹಿಡಿ ಮಣ್ಣು ತೆಗೆದು ಮೈಗೆ ಸವರಿಕೊಳ್ಳುತ್ತಾನೆ. ಎದುರಾಳಿಯನ್ನು ದಿಟ್ಟಿಸಿ ನೋಡುತ್ತ, ತೊಡೆಗೆ ಬಲವಾಗಿ ಬಡಿದು ಸೆಡ್ಡು ಹೊಡೆಯುತ್ತಾನೆ. ಇನ್ನೂ ಕೈಗೆ ಕೈ ಸೇರಿಲ್ಲ. ಆದರೂ ನೋಡುವವರಲ್ಲಿ ಅರ್ಧ ಜನ ಗೆಲ್ಲುವವನು ಯಾರೆಂದು ಆಗಲೇ ತೀರ್ಮಾನಿಸಿಬಿಟ್ಟಿರುತ್ತಾರೆ.

ತೊಡೆ ತಟ್ಟಿಕೊಂಡ ಮಾತ್ರಕ್ಕೆ ಸ್ನಾಯುವಿನ ತೂಕ ಒಂದು ಗ್ರಾಮಿನಷ್ಟೂ ಹೆಚ್ಚುವುದಿಲ್ಲ. ಹಾಗಾದರೆ ಈ ಆರ್ಭಟ ಬರೀ ತೋರಿಕೆಯೇ? ಅಥವಾ ಅದಕ್ಕೆ ಅಳೆದು ನೋಡಬಹುದಾದ ಪರಿಣಾಮ ಏನಾದರೂ ಇದೆಯೇ? ಕಳೆದ ಆರು ದಶಕಗಳಲ್ಲಿ ಕ್ರೀಡಾ ಮನೋವಿಜ್ಞಾನಿಗಳು ಈ ಪ್ರಶ್ನೆಯನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದ್ದಾರೆ. ಶಾಲೆಯ ಮಕ್ಕಳನ್ನು ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳಿಗೆ ಕರೆದೊಯ್ಯುವ ಶಿಕ್ಷಕರು ಅದರ ಫಲಿತಾಂಶವನ್ನು ತಿಳಿದಿರುವುದು ಒಳ್ಳೆಯದು. ಏಕೆಂದರೆ ಸೋತು ಬಂದ ಮಗುವಿಗೆ ‘ನಿನಗೆ ಧೈರ್ಯವೇ ಇಲ್ಲ’ ಎಂದು ಹೇಳುವ ವಾಡಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಹಂಪಿಯ ಕಣ

ಹಂಪಿಗೆ ಪ್ರವಾಸ ಹೋದಾಗ ಮಹಾನವಮಿ ದಿಬ್ಬದ ಗೋಡೆಯ ಉಬ್ಬುಶಿಲ್ಪಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆನೆ, ಕುದುರೆ, ನರ್ತಕಿಯರ ನಡುವೆ ಮಲ್ಲರೂ ಇದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಸನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ನಸುಕಿನಲ್ಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ, ಭಾರ ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಬಳಿಕ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಆಡುತ್ತಿದ್ದನಂತೆ. ಅರಸನನ್ನು ಚಿತ್ ಮಾಡುವ ಧೈರ್ಯ ಆ ಮಲ್ಲನಿಗಿತ್ತೇ ಎಂಬುದನ್ನು ಪಾಯೆಸ್ ಹೇಳಿಲ್ಲ!

ಮಹಾನವಮಿಯ ಮಲ್ಲಯುದ್ಧದಲ್ಲಿ ಹಲ್ಲು ಮುರಿಯುವಂಥ ಏಟುಗಳು ಬೀಳುತ್ತಿದ್ದವು ಎಂದು ಅವನು ಬರೆಯುತ್ತಾನೆ. ಜೊತೆಗೆ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದಾನೆ: ಮಲ್ಲರಿಗೆ ತಮ್ಮದೇ ನಾಯಕರೂ ತೀರ್ಪುಗಾರರೂ ಇದ್ದರು, ಕಣದಲ್ಲಿ ಇಬ್ಬರನ್ನೂ ಸರಿಸಮಾನ ಸ್ಥಿತಿಯಲ್ಲಿ ನಿಲ್ಲಿಸುವುದು ಅವರ ಹೊಣೆಯಾಗಿತ್ತು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರೋಣ.

ಮಿದುಳಿನ ಬಿಗಿಹಿಡಿತ

ಮೊದಲು ಸ್ನಾಯುವಿನ ಸಂಗತಿ. ಒಂದು ಚಾಲಕ ನರಕೋಶ ಮತ್ತು ಅದರ ಅಂಕೆಯಲ್ಲಿರುವ ಸ್ನಾಯು ಎಳೆಗಳನ್ನು ಸೇರಿಸಿ ‘ಚಾಲಕ ಘಟಕ’ ಎನ್ನುತ್ತಾರೆ. ನೀವು ಒಂದು ಬಕೆಟ್ ನೀರು ಎತ್ತುವಾಗ ತೋಳಿನ ಘಟಕಗಳೆಲ್ಲವೂ ದುಡಿಯುವುದಿಲ್ಲ. ಎಷ್ಟು ಬೇಕೋ ಅಷ್ಟನ್ನು ಮಾತ್ರ ನರಮಂಡಲ ಕರೆಯುತ್ತದೆ. ‘ಪೂರ್ತಿ ಬಲ ಹಾಕಿದ್ದೇನೆ’ ಎಂದು ನಾವು ಅಂದುಕೊಂಡಾಗಲೂ ಸ್ವಲ್ಪ ಭಾಗ ಹಿಂದೆ ಉಳಿದಿರುವುದುಂಟು.

1961ರಲ್ಲಿ ಮಿಚಿಯೊ ಇಕಾಯ್ ಮತ್ತು ಆರ್ಥರ್ ಸ್ಟೈನ್‌ಹೌಸ್ ಎಂಬ ವಿಜ್ಞಾನಿಗಳು ಈ ‘ಹಿಂದೆ ಉಳಿದ’ ಭಾಗವನ್ನು ಅಳೆಯಲು ಹೊರಟರು. ಸ್ವಯಂಸೇವಕರು ಮೊಣಕೈ ಮಡಚಿ ಒಂದು ಅಳತೆಯಂತ್ರವನ್ನು ಆದಷ್ಟು ಬಲವಾಗಿ ಎಳೆಯಬೇಕು. ಕೆಲವು ಸಲ ಎಳೆಯುವ ಮುನ್ನ ಹಿಂದಿನಿಂದ ಹಠಾತ್ತನೆ ಪಿಸ್ತೂಲು ಹಾರಿಸಲಾಯಿತು. ಆಗ ಎಳೆತ ಸುಮಾರು 7% ಹೆಚ್ಚಿತು. ಎಳೆಯುವಾಗ ತಾವೇ ಜೋರಾಗಿ ಕೂಗಿದರೆ ಸುಮಾರು 12% ಹೆಚ್ಚಿತು. ಸಮ್ಮೋಹನಕ್ಕೆ ಒಳಪಡಿಸಿ ‘ನೀನು ಬಲಶಾಲಿ’ ಎಂದಾಗ ನಾಲ್ಕನೇ ಒಂದು ಭಾಗದಷ್ಟು ಏರಿತು. ‘ನೀನು ದುರ್ಬಲ’ ಎಂದಾಗಲೋ, ಮೂರನೇ ಒಂದು ಭಾಗದಷ್ಟು ಇಳಿಯಿತು. ಏರಿದ್ದಕ್ಕಿಂತ ಇಳಿದದ್ದೇ ಹೆಚ್ಚು ಎಂಬುದನ್ನು ಗಮನಿಸಿ.

ಆದರೆ ಒಂದು ಎಚ್ಚರಿಕೆ. ಆ ಬಳಿಕ ಸ್ನಾಯುವಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ, ದಣಿಯದ ಆರೋಗ್ಯವಂತರು ಮನಸ್ಸು ಮಾಡಿದರೆ ಅನೇಕ ಸ್ನಾಯುಗಳನ್ನು 90%ಕ್ಕೂ ಮೀರಿ ದುಡಿಸಬಲ್ಲರು ಎಂದು ಕಂಡುಬಂದಿದೆ. ಅಂದರೆ ನಮ್ಮೊಳಗೆ ಹನುಮಂತನಂಥ ಬಲವೇನೂ ಅಡಗಿ ಕುಳಿತಿಲ್ಲ. ಉಳಿಕೆ ಇರುವುದು ಕೊಂಚವೇ. ದಣಿವು ಹೆಚ್ಚಿದಂತೆ ಮಿದುಳು ಹಿಡಿತ ಬಿಗಿ ಮಾಡುತ್ತದೆ. ಆ ಕೊಂಚಕ್ಕೆ ಬೆಲೆ ಬರುವುದು ಆಗ.

ನಂಬಿಕೆಯ ತೂಕ

1972ರಲ್ಲಿ ನೆಲ್ಸನ್ ಮತ್ತು ಫರ್ಸ್ಟ್ ಎಂಬ ಸಂಶೋಧಕರು ಒಂದು ಜಾಣ ಪ್ರಯೋಗ ಮಾಡಿದರು. ಮೊದಲು ತೋಳಿನ ಬಲ ಅಳೆದು, ಬಲದಲ್ಲಿ ಸ್ಪಷ್ಟ ವ್ಯತ್ಯಾಸವಿರುವ ಇಬ್ಬಿಬ್ಬರನ್ನು ಜೋಡಿ ಮಾಡಿದರು. ಆದರೆ ಅಳತೆಯನ್ನು ತಿರುಗಾಮುರುಗಾ ಹೇಳಿದರು. ಬಲಹೀನನೇ ಬಲಶಾಲಿ ಎಂದು ಇಬ್ಬರೂ ನಂಬಿದರು. ನಂತರ ಕೈಕುಸ್ತಿ ನಡೆಸಿದಾಗ 12 ಪಂದ್ಯಗಳ ಪೈಕಿ 10ರಲ್ಲಿ ನಿಜವಾಗಿ ಬಲ ಕಡಿಮೆಯಿದ್ದವನೇ ಗೆದ್ದ!

ಹನ್ನೆರಡೇ ಪಂದ್ಯ, ಆಕಸ್ಮಿಕವಿರಬಹುದಲ್ಲವೇ ಎಂದು ನೀವು ಕೇಳಬೇಕು. ಲೆಕ್ಕ ಹಾಕಿ. ನಾಣ್ಯವನ್ನು 12 ಸಲ ಚಿಮ್ಮಿದಾಗ 10 ಅಥವಾ ಅದಕ್ಕಿಂತ ಹೆಚ್ಚು ಸಲ ತಲೆ ಬೀಳುವ ಸಂಭವನೀಯತೆ 4096ರಲ್ಲಿ 79, ಅಂದರೆ ಸುಮಾರು 2%. ಪಿಯುಸಿ ವಿದ್ಯಾರ್ಥಿಗಳಿಗೆ ದ್ವಿಪದ ವಿತರಣೆ ಕಲಿಸಲು ಇದು ಒಳ್ಳೆಯ ಉದಾಹರಣೆ. ಇಲ್ಲಿ ದುರ್ಬಲನು ಗೆಲ್ಲುವ ಸಾಧ್ಯತೆ ನಾಣ್ಯಕ್ಕಿಂತಲೂ ಕಡಿಮೆ ಇರಬೇಕಿತ್ತಲ್ಲ! ಹೀಗಾಗಿ ಫಲಿತಾಂಶ ಚಿಕ್ಕದಾದರೂ ತಳ್ಳಿಹಾಕುವಂಥದ್ದಲ್ಲ.

1979ರಲ್ಲಿ ವೈನ್‌ಬರ್ಗ್ ಮತ್ತು ಸಂಗಡಿಗರು ಇದನ್ನು ಮುಂದುವರಿಸಿದರು. ಕಾಲು ಚಾಚಿ ಹಿಡಿದು ಎಷ್ಟು ಹೊತ್ತು ಕೂರುತ್ತೀರಿ ಎಂಬ ಸ್ಪರ್ಧೆ. ಎದುರಾಳಿ ವಾಸ್ತವವಾಗಿ ಸಂಶೋಧಕರ ಕಡೆಯವನು. ಅವನೇ ಗೆಲ್ಲುವಂತೆ ಮೊದಲೇ ಏರ್ಪಾಡಾಗಿತ್ತು. ಅವನಿಗೆ ಮೊಣಕಾಲು ನೋವಿದೆ ಎಂದು ಕೆಲವರಿಗೆ ಹೇಳಲಾಯಿತು, ಅವನು ಕಾಲೇಜಿನ ಓಟಗಾರ ಎಂದು ಇನ್ನು ಕೆಲವರಿಗೆ. ಮೊದಲನೆಯ ಗುಂಪಿನವರು ಹೆಚ್ಚು ಹೊತ್ತು ತಡೆದುಕೊಂಡರು. ಒಮ್ಮೆ ಸೋತ ಮೇಲೆ ಅವರು ಇನ್ನಷ್ಟು ಹಟ ತೊಟ್ಟರೆ, ಎರಡನೆಯ ಗುಂಪಿನವರು ಇನ್ನೂ ಬೇಗ ಕೈಚೆಲ್ಲಿದರು.

ಎದೆ ಬಡಿತ ಯಾವುದರ ಗುರುತು?

1964ರ ಫೆಬ್ರವರಿ 25ರಂದು ಅಮೆರಿಕದ ಮಯಾಮಿಯಲ್ಲಿ ಸನ್ನಿ ಲಿಸ್ಟನ್ ಎಂಬ ವಿಶ್ವ ಚಾಂಪಿಯನ್ ಬಾಕ್ಸರ್‌ಗೆ 22 ವರ್ಷದ ತರುಣನೊಬ್ಬ ಎದುರಾದ. ಮುಂದೆ ಮಹಮ್ಮದ್ ಅಲಿ ಎಂದು ಹೆಸರಾದ ಕ್ಯಾಸಿಯಸ್ ಕ್ಲೇ. ಆ ಬೆಳಿಗ್ಗೆ ತೂಕ ನೋಡುವ ಹೊತ್ತಿನಲ್ಲಿ ಅವನು ಹುಚ್ಚು ಹಿಡಿದವನಂತೆ ಕೂಗಾಡಿದ. ನಾಡಿ ಹಿಡಿದ ವೈದ್ಯರಿಗೆ ನಿಮಿಷಕ್ಕೆ 120 ಬಡಿತ ಸಿಕ್ಕಿತು. ಅವನ ಸಾಮಾನ್ಯ ಬಡಿತ 54. ಹುಡುಗ ಹೆದರಿ ಸತ್ತಿದ್ದಾನೆ ಎಂದೇ ಎಲ್ಲರೂ ಬಗೆದರು. ಸಂಜೆ ನಡೆದದ್ದು ಬೇರೆ. ಏಳನೇ ಸುತ್ತಿಗೆ ಲಿಸ್ಟನ್ ತನ್ನ ಪೀಠ ಬಿಟ್ಟು ಏಳಲೇ ಇಲ್ಲ.

ಅಲಿಯ ಆ 120 ಬಡಿತ ಭಯವೋ, ನಟನೆಯೋ, ಹುರುಪೋ? ನಾಡಿಯಿಂದ ಮಾತ್ರ ಅದನ್ನು ಹೇಳಲು ಬರುವುದಿಲ್ಲ. ಭಯವಾದಾಗಲೂ ಹುರುಪಾದಾಗಲೂ ಅಡ್ರಿನಲಿನ್ ಸ್ರವಿಸುತ್ತದೆ, ಹೃದಯ ಓಡುತ್ತದೆ, ಅಂಗೈ ಬೆವರುತ್ತದೆ. ಅದಕ್ಕೆ ನಾವು ಕೊಡುವ ಹೆಸರು ಮಾತ್ರ ಬೇರೆ. ಈ ಹೆಸರಿಗೂ ಬೆಲೆಯಿದೆ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಡು, ಭಾಷಣ, ಗಣಿತ ಪರೀಕ್ಷೆಗಳಿಗೆ ಮುನ್ನ ‘ನನಗೆ ಹುರುಪಾಗಿದೆ’ ಎಂದುಕೊಂಡವರು, ‘ಶಾಂತವಾಗಿದ್ದೇನೆ’ ಎಂದು ತಮ್ಮನ್ನು ಸಮಾಧಾನಪಡಿಸಿಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಅವು ಕುಸ್ತಿಯ ಪ್ರಯೋಗಗಳಲ್ಲ, ನಿಜ. ಆದರೆ ಎದೆ ಡವಗುಟ್ಟುತ್ತಿರುವ ಹುಡುಗಿಗೆ ‘ಹೆದರಬೇಡ’ ಎನ್ನುವುದಕ್ಕಿಂತ ‘ಮೈ ಸಿದ್ಧವಾಗುತ್ತಿದೆ’ ಎನ್ನುವುದು ಹೆಚ್ಚು ನಿಜ, ಪ್ರಾಯಶಃ ಹೆಚ್ಚು ಉಪಯುಕ್ತ.

ಸುಳ್ಳು ಪಟ್ಟು: ಕದ್ದ ಕ್ಷಣಾಂಶ

ಮನಸ್ಸಿನ ಆಟವೆಂದರೆ ಕೂಗಾಟವಷ್ಟೇ ಅಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ಆಟ ನಡೆಯುವುದು ಸದ್ದಿಲ್ಲದೆ, ಕ್ಷಣದ ಹತ್ತನೇ ಒಂದು ಭಾಗದಲ್ಲಿ. ಪೈಲ್ವಾನ ಎದುರಾಳಿಯ ಕುತ್ತಿಗೆಗೆ ಕೈ ಹಾಕುವವನಂತೆ ತೋರಿಸಿ, ಥಟ್ಟನೆ ಬಗ್ಗಿ ಕಾಲು ಹಿಡಿಯುತ್ತಾನೆ. ಎದುರಾಳಿಗೆ ಕಾಲು ಕಾಣದೆ ಇರಲಿಲ್ಲ. ಆದರೂ ಏಕೆ ತಡವಾಯಿತು?

ಕಣ್ಣಿಗೆ ಕಂಡ ಸಂಜ್ಞೆಗೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಮೊದಲ ಸಂಜ್ಞೆಗೆ ಯಾವ ಉತ್ತರ ಕೊಡಬೇಕೆಂದು ಮಿದುಳು ಆರಿಸುತ್ತಿರುವಾಗಲೇ ಎರಡನೆಯ ಸಂಜ್ಞೆ ಬಂದರೆ ಅದು ಸರದಿಯಲ್ಲಿ ಕಾಯಬೇಕಾಗುತ್ತದೆ. ಟೆಲ್‌ಫೋರ್ಡ್ 1931ರಲ್ಲಿ ಗುರುತಿಸಿದ ಈ ವಿಳಂಬವನ್ನು ‘ಮಾನಸಿಕ ನಿರುತ್ತರ ಅವಧಿ’ ಎನ್ನಬಹುದು. ಬ್ಯಾಂಕಿನಲ್ಲಿ ಒಂದೇ ಕೌಂಟರ್ ಇದ್ದ ಹಾಗೆ: ಮುಂದಿನವನ ಕೆಲಸ ಮುಗಿಯುವವರೆಗೆ ಹಿಂದಿನವನು ನಿಲ್ಲಲೇಬೇಕು. ಸುಳ್ಳು ಪಟ್ಟು ಹಾಕುವವನು ಆ ಕೌಂಟರಿಗೆ ನಕಲಿ ಗಿರಾಕಿಯನ್ನು ಕಳಿಸುತ್ತಾನೆ. ಎದುರಾಳಿ ಅದನ್ನು ನಿಜವೆಂದು ನಂಬಿದರೆ ಮಾತ್ರ ಇದು ಫಲಿಸುತ್ತದೆ. ಒಂದೇ ಸುಳ್ಳನ್ನು ಮೂರು ಸಲ ಹೇಳಿದರೆ ಕೌಂಟರಿನವನು ತಲೆ ಎತ್ತಿಯೂ ನೋಡುವುದಿಲ್ಲ. ಆತ್ಮವಿಶ್ವಾಸ ಕಳೆದುಕೊಂಡವನು ಪ್ರತಿಯೊಂದು ಸುಳ್ಳಿಗೂ ಬೆಚ್ಚುತ್ತಾನೆ. ಅವನ ಸೋಲಿಗೆ ಕಾರಣ ಬಲದ ಕೊರತೆಗಿಂತ ಸಮಯದ ಕೊರತೆ.

ಇದನ್ನು ತರಗತಿಯಲ್ಲಿ ಮಾಡಿ ನೋಡಬಹುದು. ಗೆಳೆಯನ ತೆರೆದ ಬೆರಳುಗಳ ನಡುವೆ ಒಂದು ಸ್ಕೇಲನ್ನು ನೇರವಾಗಿ ಹಿಡಿದು, ಹೇಳದೆ ಬಿಡಿ. ಅವನು ಹಿಡಿಯುವಷ್ಟರಲ್ಲಿ ಅದು ಎಷ್ಟು ಬಿತ್ತೆಂದು ನೋಡಿ. ದೂರವನ್ನು ಎರಡರಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆದರೆ ಕಾಲ ಸಿಗುತ್ತದೆ. 20 ಸೆಂ.ಮೀ. ಬಿದ್ದರೆ 0.20 ಸೆಕೆಂಡು. ಈಗ ಎಡಗೈಯಿಂದ ಅವನ ಮುಖದತ್ತ ಹುಸಿ ಚಲನೆ ಮಾಡಿ, ಕೂಡಲೇ ಬಲಗೈಯ ಸ್ಕೇಲು ಬಿಡಿ. ಎರಡೂ ಬಗೆಯಲ್ಲಿ ಹತ್ತತ್ತು ಅಳತೆ ತೆಗೆದು ಸರಾಸರಿ ಹೋಲಿಸಿ. ಉದ್ದ ಸ್ಕೇಲು ಇಟ್ಟುಕೊಳ್ಳಿ, 30 ಸೆಂ.ಮೀ. ಸ್ಕೇಲು ಕಾಲು ಸೆಕೆಂಡಿನೊಳಗೆ ಪೂರ್ತಿ ಜಾರಿಹೋಗುತ್ತದೆ. ನೆಲ್ಸನ್ ಮತ್ತು ಫರ್ಸ್ಟ್ ಅವರ ಕೈಕುಸ್ತಿ ಪ್ರಯೋಗವನ್ನು ಮಾತ್ರ ತರಗತಿಗೆ ತರಬೇಡಿ. ಕೈಕುಸ್ತಿಯಲ್ಲಿ ತೋಳಿನ ಮೂಳೆ ತಿರುಚಿ ಮುರಿದ ಪ್ರಕರಣಗಳು ವೈದ್ಯರಿಗೆ ಹೊಸವಲ್ಲ.

ಕೆಂಪು ಬಟ್ಟೆಯ ಕಥೆ

ಒಲಿಂಪಿಕ್ಸ್ ಕುಸ್ತಿಯಲ್ಲಿ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ ಉಡುಪು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಕುಸ್ತಿ, ಬಾಕ್ಸಿಂಗ್, ಟೇಕ್ವಾಂಡೊ ಫಲಿತಾಂಶಗಳನ್ನು ಪರಿಶೀಲಿಸಿದ ಹಿಲ್ ಮತ್ತು ಬಾರ್ಟನ್, ಕೆಂಪು ತೊಟ್ಟವರು ಸುಮಾರು 55% ಪಂದ್ಯ ಗೆದ್ದರೆಂದು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಂಪು ಎದುರಾಳಿಯನ್ನು ಅಂಜಿಸುತ್ತದೆ ಎಂಬ ಮಾತು ಜಗತ್ತೆಲ್ಲ ಹರಡಿತು. 2008ರಲ್ಲಿ ಜರ್ಮನಿಯ ಸಂಶೋಧಕರು ಟೇಕ್ವಾಂಡೊ ವಿಡಿಯೊಗಳಲ್ಲಿ ಬಣ್ಣಗಳನ್ನು ಅದಲುಬದಲು ಮಾಡಿ ತೀರ್ಪುಗಾರರಿಗೆ ತೋರಿಸಿದರು. ಅದೇ ಆಟಗಾರ, ಅದೇ ಒದೆತ. ಕೆಂಪಾದಾಗ ಅಂಕ ಸುಮಾರು 13% ಹೆಚ್ಚು! ಅಂದರೆ ಬಣ್ಣಕ್ಕೆ ಮರುಳಾದದ್ದು ಎದುರಾಳಿಯೋ ತೀರ್ಪುಗಾರನೋ ಎಂಬ ಪ್ರಶ್ನೆ ಎದ್ದಿತು. 1996ರಿಂದೀಚಿನ ಒಲಿಂಪಿಕ್ಸ್ ಮತ್ತು ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್‌ಗಳ ಆರು ಸಾವಿರಕ್ಕೂ ಹೆಚ್ಚು ಪಂದ್ಯಗಳನ್ನು ಒಟ್ಟುಗೂಡಿಸಿದ 2024ರ ಅಧ್ಯಯನದಲ್ಲಿ ಕೆಂಪಿನ ಗೆಲುವು 50.5% ಮಾತ್ರ. ಈ ಅಧ್ಯಯನ ನಡೆಸಿದವರಲ್ಲಿ ಹಿಲ್ ಮತ್ತು ಬಾರ್ಟನ್ ಕೂಡ ಇದ್ದರು. ತಾವೇ ಹೇಳಿದ್ದನ್ನು ತಾವೇ ಮರುಪರೀಕ್ಷಿಸಿದ ಅವರ ಈ ನಡೆಯನ್ನು ವಿದ್ಯಾರ್ಥಿಗಳಿಗೆ ಹೇಳಲು ಮರೆಯಬೇಡಿ.

ಎಷ್ಟು? ಯಾವಾಗ?

ಗೆದ್ದವರ ಸಂದರ್ಶನ ಓದಿದರೆ ಆತ್ಮವಿಶ್ವಾಸವೇ ಸರ್ವಸ್ವ ಎನಿಸುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯದಲ್ಲಿ 0–5ರಿಂದ ಹಿಂದಿದ್ದ ಸಾಕ್ಷಿ ಮಲಿಕ್ 8–5ರಿಂದ ಗೆದ್ದದ್ದನ್ನು ಯಾರು ಮರೆತಾರು? ಆದರೆ ಅಷ್ಟೇ ವಿಶ್ವಾಸದಿಂದ ಇಳಿದು ಸೋತವರನ್ನು ಯಾರೂ ಸಂದರ್ಶಿಸುವುದಿಲ್ಲ. ಆದ್ದರಿಂದ ಎಲ್ಲರನ್ನೂ ಎಣಿಸಿದ ಅಧ್ಯಯನಗಳನ್ನೇ ನೋಡಬೇಕು. 2003ರಲ್ಲಿ ವುಡ್‌ಮನ್ ಮತ್ತು ಹಾರ್ಡಿ ಅಂಥ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಆತ್ಮವಿಶ್ವಾಸಕ್ಕೂ ಆಟದ ಫಲಕ್ಕೂ ಇರುವ ಸಹಸಂಬಂಧ ಗುಣಾಂಕ ಸರಾಸರಿ 0.24 ಎಂದು ತಿಳಿಯಿತು. ಇದನ್ನು ವರ್ಗ ಮಾಡಿದರೆ ಸುಮಾರು 0.06. ಆಟಗಾರರ ಸಾಧನೆಯಲ್ಲಿ ಕಾಣುವ ವ್ಯತ್ಯಾಸದ ನೂರರಲ್ಲಿ ಆರು ಪಾಲು ಆತ್ಮವಿಶ್ವಾಸದ ಏರಿಳಿತದೊಡನೆ ಹೊಂದಿಕೆಯಾಗುತ್ತದೆ, ಅಷ್ಟೆ. ಅತಿಯಾದ ವಿಶ್ವಾಸವೂ ಒಳ್ಳೆಯದಲ್ಲ: 2010ರ ಒಂದು ಪ್ರಯೋಗದಲ್ಲಿ ನುರಿತ ಹಗ್ಗದಾಟಗಾರರ ವಿಶ್ವಾಸವನ್ನು ಬೇಕೆಂದೇ ತುಸು ಕುಗ್ಗಿಸಿದಾಗ ಅವರ ಆಟ ಸುಧಾರಿಸಿತು.

ಆರು ಪಾಲು ಸಣ್ಣದೇ? ಅದು ಎದುರಾಳಿ ಯಾರು ಎಂಬುದನ್ನು ಅವಲಂಬಿಸಿದೆ. ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ ಕಲಿಯುವವರಿದ್ದಾರೆ. ಅಂಥ ಕಡೆ ಇಬ್ಬರ ತೂಕ, ಬಲ, ತಂತ್ರ ಹೆಚ್ಚುಕಡಿಮೆ ಒಂದೇ. ತಕ್ಕಡಿ ಸಮನಾಗಿರುವಾಗ ಒಂದು ಕಾಳೂ ಅದನ್ನು ವಾಲಿಸುತ್ತದೆ. ಆದರೆ 38 ಕಿಲೊ ತೂಕದ ಹುಡುಗನನ್ನು, ಜೋಡಿ ಸಿಗಲಿಲ್ಲವೆಂದು, ಎರಡು ವರ್ಷದಿಂದ ಗರಡಿಗೆ ಹೋಗುತ್ತಿರುವ 46 ಕಿಲೊ ಹುಡುಗನ ಎದುರು ನಿಲ್ಲಿಸಿದರೆ ಎಷ್ಟು ಸೆಡ್ಡು ಹೊಡೆದರೂ ತಕ್ಕಡಿ ಅಲುಗುವುದಿಲ್ಲ. ಅಲ್ಲಿ ಸೋತದ್ದು ಹುಡುಗನ ಧೈರ್ಯವಲ್ಲ, ಜೋಡಿ ಕಟ್ಟಿದವರ ಲೆಕ್ಕ. ಪಾಯೆಸ್ ಕಂಡ ತೀರ್ಪುಗಾರರಿಗೆ ಇದು ಗೊತ್ತಿತ್ತು.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವನೊಬ್ಬ ಮಾಡಿದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ತನ್ನ ಮೈಯ ಸ್ಥಿತಿಯನ್ನು ತಾನು ಅರ್ಥಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ಪ್ರೋತ್ಸಾಹದ ಮಾತು ಅದರ ಮುಂದೆ ದುರ್ಬಲ. ಹೀಗಾಗಿ ಪಂದ್ಯದ ಹಿಂದಿನ ದಿನ ಮಾಡುವ ವೀರಾವೇಶದ ಭಾಷಣಕ್ಕಿಂತ, ಮೂರು ತಿಂಗಳು ಮೊದಲೇ ಸರಿಜೋಡಿಯೊಡನೆ ಅಭ್ಯಾಸ ಮಾಡಿಸುವುದು ಒಳ್ಳೆಯದು. ಹತ್ತು ಪಂದ್ಯಗಳಲ್ಲಿ ನಾಲ್ಕೈದನ್ನಾದರೂ ಅವನು ಗೆಲ್ಲುವಂತಿರಬೇಕು. ಯಾರು ಯಾರೊಡನೆ ಆಡಿದರು, ತೂಕ ಎಷ್ಟಿತ್ತು, ಯಾವ ಪಟ್ಟಿನಲ್ಲಿ ಸೋತರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಮಕ್ಕಳಿಗೇ ಹೇಳಿ.