ಮಂಗಳನ ಮಹಾಗ್ನಿಪರ್ವತ
ನಮ್ಮ ನಂದಿಬೆಟ್ಟವು ಭೂಗರ್ಭದಲ್ಲಿಯೇ ತಣಿದು ಘನೀಭವಿಸಿದ ಶಿಲಾರಸದ ಗ್ರಾನೈಟಾದರೆ, 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿದ ಇಸ್ರೋದ ಮಂಗಳಯಾನವು ಚಿತ್ರಿಸಿದ ಒಲಿಂಪಸ್ ಮಾನ್ಸ್, ಹೊರಕ್ಕುಕ್ಕಿದ ಲಾವಾರಸವು ಪದರಪದರವಾಗಿ ಹರಡಿ ಬೆಳೆದ, ಸುಮಾರು 22 ಕಿಲೋಮೀಟರ್ ಉನ್ನತವಾದ ಅಗ್ನಿಪರ್ವತ. ಅದರ ಶಿಖರದ ಕುಸಿದ ಬಾಯಿಯೊಂದೇ ಸುಮಾರು 80 ಕಿಲೋಮೀಟರ್ ಉದ್ದ. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳನ್ನು ದಾಟಿ ಚಿಂತಾಮಣಿಯವರೆಗಿನ ದೂರವೆಲ್ಲ ಅದರೊಳಗೆ ಹಿಡಿಸೀತು. ಅಲ್ಲಿ ಒಂದನ್ನೊಂದು ಕತ್ತರಿಸುವ ಆರು ಕುಳಿಗಳು. ಪ್ರತಿಯೊಂದೂ, ಅಡಿಯ ಶಿಲಾರಸ ಬರಿದಾಗಿ ನೆಲ ಜಗ್ಗಿದುದರ ಗುರುತು. ಮಂಗಳನ ಮೇಲ್ಪದರವು ನಮ್ಮ ಭೂಫಲಕಗಳಂತೆ ಸರಿಯದುದರಿಂದ, ಲಾವಾರಸವು ಯುಗಯುಗಾಂತರಗಳು ಒಂದೇ ಎಡೆಯಲ್ಲಿ ಉಕ್ಕುತ್ತಲೇ ಇದ್ದಿತು. ನನಗೆ ಪರಮ ವಿಸ್ಮಯವೆನಿಸುವುದು ಆ ಪರ್ವತದ ಇಳಿಜಾರು: ಅದೆಷ್ಟು ಮಂದವೆಂದರೆ, ಮೇಲೆ ನಿಂತವನಿಗೆ ತಾನು ಪರ್ವತದ ಮೇಲಿರುವುದೇ ತಿಳಿಯದು. ಪೂರ್ಣಾಕಾರವು ಗೋಚರಿಸುವುದು ಕಕ್ಷೆಯಿಂದಲೇ. ಮಂಗಳಯಾನದ ಆ ಚಿತ್ರವನ್ನು ತಪ್ಪದೆ ನೋಡಿರಿ.