ಸರಕಿನ ಟೆಂಪೊ ಹತ್ತಿದವರಿಗೆ ವಿಮೆ ಉಂಟೇ?

ತಾಳವಾಡಿ ಕಡೆಯಿಂದ ಕೋಸು, ಬೀನ್ಸ್ ತುಂಬಿಕೊಂಡು ಘಾಟಿ ಇಳಿಯುವ ಪಿಕಪ್‌ನ ಮೂಟೆಗಳ ಮೇಲೆ ನಾಲ್ಕೈದು ಮಂದಿ ಕುಳಿತಿರುತ್ತಾರೆ. ಜತ್ತ, ಅಕ್ಕಲಕೋಟೆ ಕಡೆ ಕಬ್ಬು ಕಡಿಯುವ ಆಳುಗಳು ಹೆಂಡತಿ ಮಕ್ಕಳ ಸಮೇತ ಟ್ರ್ಯಾಕ್ಟರ್ ಟ್ರೇಲರ್‌ನಲ್ಲೇ ಹೋಗುತ್ತಾರೆ. ಮಡಕಶಿರಾ, ರಾಯದುರ್ಗದ ಹಳ್ಳಿಗಳಲ್ಲಿ ಮದುವೆಗೆ, ಜಾತ್ರೆಗೆ ಟೆಂಪೊ ಮಾತನಾಡುವುದು ವಾಡಿಕೆ. ಗಡಿ ಭಾಗದಲ್ಲಿ ಬಸ್ಸು ಕಡಿಮೆ; ಇದ್ದರೂ ನಾಲ್ಕು ಮೂಟೆ ಹಾಕಲು ಕಂಡಕ್ಟರ್ ಒಪ್ಪಬೇಕಲ್ಲ. ಹಾಗಾಗಿ ಜನರನ್ನು ದೂರಿ ಪ್ರಯೋಜನವಿಲ್ಲ. ಆದರೆ ಆ ವಾಹನ ಉರುಳಿಬಿದ್ದರೆ ಕಾನೂನು ಯಾರ ಪಾಲಿಗೆ ಏನು ಕೊಡುತ್ತದೆ ಎಂಬುದನ್ನು ವಾಹನ ಹತ್ತುವವರೂ ಅದರ ಮಾಲೀಕರೂ ತಿಳಿದಿರಬೇಕು.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು, ತರಕಾರಿ ಲಾರಿಯೊಂದು ಯಲ್ಲಾಪುರದ ಬಳಿ ಉರುಳಿ ಕನಿಷ್ಠ 10 ಮಂದಿ ಸತ್ತರು. ಲಾರಿಯಲ್ಲಿದ್ದವರು ಸಂತೆ ವ್ಯಾಪಾರಿಗಳು, ಹೊರಟದ್ದು ತಮ್ಮ ಸರಕಿನ ಜೊತೆಗೆ. ನಮ್ಮ ಊರುಗಳಿಂದ ವಾರವಾರ ಸಂತೆಗೆ ಹೋಗುವವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿಮ್ಮ ಟೆಂಪೊ ದಾರಿಹೋಕನಿಗೋ ಎದುರಿನ ಬೈಕಿಗೋ ಗುದ್ದಿದರೆ ವಿಮಾ ಕಂಪನಿ ಪರಿಹಾರ ಕೊಡಬೇಕು. ಇದರಲ್ಲಿ ಗೊಂದಲವಿಲ್ಲ. ಟೆಂಪೊದ ಒಳಗೆ ಕುಳಿತವರ ವಿಷಯ ಬಂದಾಗಲೇ ಸಮಸ್ಯೆ. ಸರಕು ವಾಹನದ ಪ್ರೀಮಿಯಂ ನಿಗದಿಯಾಗುವುದು ವಾಹನದ ತೂಕದ ಮೇಲೆ. ಬಸ್ಸು, ಟ್ಯಾಕ್ಸಿಗಳಿಗಾದರೆ ತಲೆಗಿಷ್ಟು ಎಂದು ಪ್ರಯಾಣಿಕರ ಲೆಕ್ಕವೂ ಸೇರುತ್ತದೆ. ಪ್ರಯಾಣಿಕರ ಹೆಸರಿನಲ್ಲಿ ಹಣವನ್ನೇ ತೆಗೆದುಕೊಳ್ಳದ ಕಂಪನಿ ಅವರಿಗೆ ಪರಿಹಾರ ಏಕೆ ಕೊಡಬೇಕು ಎಂಬುದು ವಿಮಾದಾರರ ವಾದ.

ನ್ಯಾಯಾಲಯಗಳೂ ಈ ವಿಷಯದಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿವೆ. 1994ರ ನವೆಂಬರ್ 14ರಂದು ಜಾರಿಗೆ ಬಂದ ತಿದ್ದುಪಡಿ, ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಯನ್ನು ವಿಮೆಯ ವ್ಯಾಪ್ತಿಗೆ ಸೇರಿಸಿತು. 1999ರ ಸತ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರಕು ವಾಹನದಲ್ಲಿದ್ದ ಪ್ರಯಾಣಿಕರಿಗೂ ಕಂಪನಿಯೇ ಹೊಣೆ ಎಂದಿತ್ತು. ಮೂರೇ ವರ್ಷದಲ್ಲಿ, 2002ರ ಡಿಸೆಂಬರಿನ ಆಶಾ ರಾಣಿ ತೀರ್ಪು ಅದನ್ನು ತಳ್ಳಿಹಾಕಿತು. ಈಗ ಅನುಮಾನಕ್ಕೆ ಎಡೆಯೇ ಇಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ 147ನೇ ಕಲಮು, ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರನ್ನು ಕಡ್ಡಾಯ ವಿಮೆಯಿಂದ ಹೊರಗಿಟ್ಟಿದೆ. ಬಾಡಿಗೆ ಕೊಟ್ಟು ಹತ್ತಿದವರಿಗೆ ದಾರಿಯಿದೆ ಎಂದುಕೊಳ್ಳಬೇಡಿ. ಸರಕು ವಾಹನದಲ್ಲಿ ಬಾಡಿಗೆಗೆ ಜನ ಸಾಗಿಸುವುದೇ ಪಾಲಿಸಿಯ ಷರತ್ತಿಗೆ ವಿರುದ್ಧ ಎಂದು ಕಂಪನಿ ವಾದಿಸುತ್ತದೆ.

ಹಾಗಾದರೆ ತನ್ನ ತರಕಾರಿಯ ಜೊತೆಗೇ ಹೋಗುವ ರೈತನಿಗೆ ರಕ್ಷಣೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅವನು ಎಲ್ಲಿ ಕುಳಿತಿದ್ದ ಎಂಬುದು ಮುಖ್ಯ. ಆಂಧ್ರದಿಂದ ಹೋದ ಮೇಲ್ಮನವಿಯೊಂದರಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್, ಸರಕಿನ ಮಾಲೀಕ ಎಂದರೆ ಕ್ಯಾಬಿನ್‌ನಲ್ಲಿ ಪ್ರಯಾಣಿಸುವವನು ಮಾತ್ರ ಎಂದು ಅರ್ಥ ಮಾಡಿತು. ಮೂಟೆಯ ಮೇಲೆ ಕುಳಿತವನು ಸರಕು ತನ್ನದೇ ಎಂದು ರಸೀದಿ ತೋರಿಸಿದರೂ ಕಷ್ಟ. ಒಂದಿಷ್ಟು ಸರಕು ಹಾಕಿಕೊಂಡು ಹತ್ತಾರು ಜನರನ್ನು ಕೂರಿಸಿ, ಎಲ್ಲರೂ ಸರಕಿನ ಮಾಲೀಕರೇ ಎಂದರೆ ಅದನ್ನೂ ಕೋರ್ಟು ಒಪ್ಪುವುದಿಲ್ಲ. ಕ್ಯಾಬಿನ್‌ನಲ್ಲಿ ಎಷ್ಟು ಜನ ಕೂರಬಹುದು ಎಂಬುದು ಆರ್‌ಸಿ ಪುಸ್ತಕದಲ್ಲಿದೆ. ನಮ್ಮ ತಮಿಳು ನೆರೆಯವರು ಕುಟ್ಟಿಯಾನೆ ಎಂದು ಕರೆಯುವ ಟಾಟಾ ಏಸ್‌ನಲ್ಲಿ ಡ್ರೈವರ್ ಪಕ್ಕಕ್ಕೆ ಒಬ್ಬರಿಗಷ್ಟೇ ಜಾಗ.

ಕೂಲಿಯಾಳುಗಳ ಪಾಡು ಇನ್ನೂ ಸೂಕ್ಷ್ಮ. ಲೋಡು ಇಳಿಸಲು ವಾಹನದ ಮಾಲೀಕನೇ ಸಂಬಳ ಕೊಟ್ಟು ಇಟ್ಟುಕೊಂಡ ಆಳು ಬೇರೆ, ಸರಕಿನ ಮಾಲೀಕ ಕರೆತಂದ ಆಳು ಬೇರೆ. ಎರಡನೆಯವನು ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲನೆಯವನಿಗೂ ಪಾಲಿಸಿಯಲ್ಲಿ ನೌಕರರ ಪ್ರೀಮಿಯಂ ಕಟ್ಟಿದೆಯೇ ಎಂದು ನೋಡಬೇಕು. ಎಷ್ಟು ಮಾಲೀಕರು ಆ ಕಾಗದವನ್ನು ಬಿಚ್ಚಿ ಓದಿದ್ದಾರೋ! ವಿಮೆ ಮಾಡಿಸುವಾಗ ಏಜೆಂಟನನ್ನು ಇದೊಂದು ಮಾತು ಕೇಳಿದರೆ ಸಾಕು, ಹೆಚ್ಚುವರಿ ಹಣ ದೊಡ್ಡದೇನೂ ಅಲ್ಲ.

ಕಂಪನಿ ಕೈತೊಳೆದುಕೊಂಡರೆ ಪರಿಹಾರದ ಭಾರ ಬೀಳುವುದು ಟೆಂಪೊ ಮಾಲೀಕನ ಮೇಲೆ. ಅವನೂ ನಮ್ಮ ಊರಿನವನೇ. ಸಾಲ ಮಾಡಿ ಒಂದು ಗಾಡಿ ಇಟ್ಟುಕೊಂಡವನು. ಮೊತ್ತ ಎಷ್ಟಾಗಬಹುದು? ತಿಂಗಳಿಗೆ 10,000 ರೂಪಾಯಿ ದುಡಿಯುವ 30 ವರ್ಷದ ಒಬ್ಬ ವ್ಯಾಪಾರಿ ಸತ್ತ ಎಂದಿಟ್ಟುಕೊಳ್ಳಿ, ಅವನನ್ನು ನಂಬಿದವರು ನಾಲ್ವರು. 2017ರ ಪ್ರಣಯ್ ಸೇಠಿ ತೀರ್ಪಿನಂತೆ, 40 ವರ್ಷದೊಳಗಿನ ಸ್ವಂತ ದುಡಿಮೆಯವರ ಆದಾಯಕ್ಕೆ ಮುಂದಿನ ಏಳಿಗೆಯ ಲೆಕ್ಕದಲ್ಲಿ ಶೇ. 40 ಕೂಡಬೇಕು. ಅಲ್ಲಿಗೆ 14,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 10,500. ವರ್ಷಕ್ಕೆ 1,26,000. ಈ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಗುಣಕ 17. ಗುಣಿಸಿದರೆ 21,42,000 ರೂಪಾಯಿ. ಅಂತ್ಯಕ್ರಿಯೆ ಮುಂತಾದವು ಇದರ ಮೇಲೆ, ಬಡ್ಡಿ ಬೇರೆ. ಇದು ಒಂದು ಸಾವಿನ ಲೆಕ್ಕ ಮಾತ್ರ.

ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯವು ಕಂಪನಿಯೇ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವುದುಂಟು. 2004ರ ಬಲ್ಜಿತ್ ಕೌರ್ ತೀರ್ಪಿನಲ್ಲಿ ಹೀಗೆಯೇ ಆಯಿತು. ಸತ್ತವರ ಮನೆಯವರಿಗೆ ಇದರಿಂದ ಬೇಗ ಹಣ ಸಿಗುತ್ತದೆ. ಆದರೆ ಇದು ಹಕ್ಕಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಮಾಲೀಕನಿಗಂತೂ ಬಿಡುಗಡೆಯಿಲ್ಲ, ಹೊಲ, ಮನೆ ಜಪ್ತಿಗೆ ಬರಬಹುದು.

ಡ್ರೈವರುಗಳಿಗೂ ಒಂದು ಮಾತು. ಸರಕು ವಾಹನದ ಮೇಲೆ ಜನ ಹೊರುವುದು ಲೈಸೆನ್ಸ್ ಅಮಾನತಿಗೆ ಕಾರಣವೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮದಲ್ಲಿದೆ, ಬಾಡಿಗೆಗಿರಲಿ ಪುಕ್ಕಟೆಗಿರಲಿ. ಇಂಥ ತಪ್ಪಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ತಡೆಹಿಡಿಯಿರಿ ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟಿನಲ್ಲಿ ಎಲ್ಲ ರಾಜ್ಯಗಳಿಗೆ ಬರೆದಿತ್ತು. ಇನ್ನೊಂದು ಕಡೆ ಕಾನೂನು ಸ್ವಲ್ಪ ಸಡಿಲವಾಗಿದೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಸಾಮಾನ್ಯ ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು 2017ರಲ್ಲಿ ಬಂದ ತೀರ್ಪನ್ನು 2024ರ ನವೆಂಬರ್ 6ರಂದು ಸಂವಿಧಾನ ಪೀಠ ಎತ್ತಿಹಿಡಿದಿದೆ. ಅದಕ್ಕೆ ಮೊದಲು ಕಂಪನಿಗಳು ಲೈಸೆನ್ಸಿನ ನೆಪದಲ್ಲಿ ನುಣುಚಿಕೊಳ್ಳಲು ನೋಡುತ್ತಿದ್ದವು. ಹಾಗೆಯೇ, ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಗಡಿಯಾಚೆಯ ಮಂಡಿಗೆ ಹೋಗುವ ಸಣ್ಣ ಗಾಡಿಯವರನ್ನು ಯಾರಾದರೂ ಪರ್ಮಿಟ್ ಕೇಳಿ ತಡೆದರೆ ಕಾಯ್ದೆಯ 66ನೇ ಕಲಮನ್ನು ನೆನಪಿಸಬಹುದು. ವಿಮೆ, ಎಫ್‌ಸಿ, ಆರ್‌ಸಿ ಮಾತ್ರ ಸರಿಯಿರಬೇಕು.

ಇಷ್ಟಾಗಿಯೂ ಅಪಘಾತ ನಡೆದೇ ಹೋದರೆ? ಮೊದಲು ಚಿಕಿತ್ಸೆ. 2025ರ ಮೇ 5ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳು ಯಾರೇ ಆಗಲಿ, ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆಗೆ ಅವಕಾಶವಿದೆ. ಆಮೇಲೆ ಪೊಲೀಸ್ ದೂರು. ಗಡಿಯವರನ್ನು ಇದು ನಮ್ಮ ಸರಹದ್ದಲ್ಲ ಎಂದು ಆ ಠಾಣೆಯಿಂದ ಈ ಠಾಣೆಗೆ ಅಟ್ಟುವುದು ಹಳೆಯ ಚಾಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಎಲ್ಲೇ ನಡೆದಿರಲಿ ಠಾಣೆಯವರು ಮಾಹಿತಿ ದಾಖಲಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ದೂರು ತಮಿಳಿನಲ್ಲೋ ಮಲಯಾಳದಲ್ಲೋ ಮರಾಠಿಯಲ್ಲೋ ಇರುತ್ತದೆ. ಮಾತು ಬಂದರೂ ಅಕ್ಷರ ಬಾರದವರು ನಮ್ಮಲ್ಲಿ ಬಹಳ. ಓದಿಸಿ ಕೇಳದೆ ಸಹಿ ಹಾಕಬೇಡಿ. ಯಾರು ಎಲ್ಲಿ ಕುಳಿತಿದ್ದರು, ಸರಕು ಯಾರದು ಎಂಬ ಎರಡು ಸಾಲಿನ ಮೇಲೆಯೇ ಮುಂದೆ ಇಡೀ ಮೊಕದ್ದಮೆ ನಿಲ್ಲುತ್ತದೆ. ಇದ್ದದ್ದನ್ನು ಇದ್ದಂತೆ ಬರೆಸಿ, ಮಂಡಿಯ ಚೀಟಿ ಇದ್ದರೆ ಜೋಪಾನ ಮಾಡಿ.

ಪರಿಹಾರದ ಅರ್ಜಿಯನ್ನು ಅಪಘಾತ ನಡೆದ ರಾಜ್ಯದಲ್ಲೇ ಹಾಕಬೇಕೆಂದಿಲ್ಲ. 166ನೇ ಕಲಮಿನ ಪ್ರಕಾರ ಅರ್ಜಿದಾರ ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಗೂ ಹೋಗಬಹುದು. ಕರ್ನಾಟಕದ ರಸ್ತೆಯಲ್ಲಿ ಗಾಯಗೊಂಡ ಕಾಸರಗೋಡಿನವರು ತಮ್ಮ ಜಿಲ್ಲೆಯಲ್ಲೇ ಅರ್ಜಿ ಹಾಕಿ ಓಡಾಟ ಉಳಿಸಬಹುದು. 2022ರಲ್ಲಿ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಹಾಕಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದಿದೆ. ಆದರೂ ಆರು ತಿಂಗಳೊಳಗೇ ವಕೀಲರನ್ನು ಕಾಣುವುದು ಕ್ಷೇಮ. ಫೀಸು ಕೊಡಲಾಗದವರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು.