ರಾಡಾರ್ ಕಾರ್ಖಾನೆಯಲ್ಲಿ ಉಸಿರಿನ ಯಂತ್ರ

1954ರಲ್ಲಿ ಹುಟ್ಟಿ ಸೇನೆಗೆ ರೇಡಿಯೊ, ರಾಡಾರ್ ಮಾಡಿಕೊಡುತ್ತ ಬೆಳೆದ ಜಾಲಹಳ್ಳಿಯ ಬಿಇಎಲ್‌ಗೆ 2020ರ ಬೇಸಿಗೆಯಲ್ಲಿ ಬೇರೆಯೇ ಬಗೆಯ ಬೇಡಿಕೆ ಬಂತು. ಕೇಂದ್ರ ಆರೋಗ್ಯ ಸಚಿವಾಲಯ ಕೇಳಿದ್ದು 30,000 ವೆಂಟಿಲೇಟರ್.

ಅಲ್ಲಿಯವರೆಗೆ ನಮ್ಮ ಐಸಿಯುಗಳ ವೆಂಟಿಲೇಟರ್‌ಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರುತ್ತಿದ್ದವು. ಕೊರೊನಾ ಹಬ್ಬುತ್ತಿದ್ದಂತೆ ಹಲವು ದೇಶಗಳು ತಮ್ಮ ಯಂತ್ರಗಳನ್ನು ತಾವೇ ಇಟ್ಟುಕೊಂಡವು. ಭಾರತವೂ ಮಾರ್ಚ್‌ನಲ್ಲಿ ರಫ್ತು ನಿಲ್ಲಿಸಿತು. ಬಿಇಎಲ್‌ಗೆ ಬೇಕಾದ ವಿನ್ಯಾಸ ಸಿಕ್ಕಿದ್ದು ಮೈಸೂರಿನಲ್ಲಿ. 2007ರಲ್ಲಿ ವಿಶ್ವಪ್ರಸಾದ್ ಆಳ್ವ ಕಟ್ಟಿದ ಸ್ಕ್ಯಾನ್‌ರೇ ಟೆಕ್ನಾಲಜೀಸ್ ವಿನ್ಯಾಸ ಕೊಟ್ಟಿತು, ಡಿಆರ್‌ಡಿಒ ತಂತ್ರಜ್ಞಾನದ ನೆರವು ನೀಡಿತು, ಬಿಇಎಲ್ ತಯಾರಿಸಿತು. ಯಂತ್ರದ ಹೆಸರು ಸಿವಿ-200.

ಕಾಡಿದ್ದು ಸಣ್ಣ ಬಿಡಿಭಾಗಗಳು. ರೋಗಿಯ ಪ್ರತಿ ಉಸಿರಿಗೂ ಆಮ್ಲಜನಕ ಎಷ್ಟು, ಯಾವ ವೇಗದಲ್ಲಿ ಹೋಗಬೇಕು ಎಂಬುದನ್ನು ನಿಭಾಯಿಸುವುದು ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಕೂದಲೆಳೆಯಷ್ಟು ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್. ಅದನ್ನೂ ಹರಿವು ಅಳೆಯುವ ಸೆನ್ಸರನ್ನೂ ಆಮದು ಮಾಡಿಕೊಳ್ಳುವುದೇ ರೂಢಿ. ದಾರಿ ಮುಚ್ಚಿದ ಮೇಲೆ ಇಲ್ಲಿಯೇ ಮಾಡಿಕೊಳ್ಳಬೇಕಾಯಿತು. ಕೆಲವೇ ತಿಂಗಳಲ್ಲಿ ಬಿಇಎಲ್ ಬೇಡಿಕೆ ಪೂರೈಸಿತು. ಕರ್ನಾಟಕದ ಕೈಗಾರಿಕೆಯ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಇನ್ನೂ ಸಿಕ್ಕಿಲ್ಲ.

ಆದರೆ ಯಂತ್ರದ ಕೆಲಸ ಶುರುವಾಗುವುದು ಕೊಳವೆಯೊಂದು ರೋಗಿಯ ಶ್ವಾಸನಾಳದೊಳಗೆ ಸರಿಯಾಗಿ ಹೋದ ಮೇಲೆ. ಈ ಪಾಠ ಕೋಪನ್‌ಹೇಗನ್‌ನದು. 1952ರ ಪೋಲಿಯೊ ಹಾವಳಿಯಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ಕುತ್ತಿಗೆಯಲ್ಲಿ ದಾರಿ ಮಾಡಿಸಿ, ಕೊಳವೆ ಇರಿಸಿ, ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಆಕೆ ಬದುಕಿದಳು. ಆಮೇಲೆ ತಿಂಗಳುಗಟ್ಟಲೆ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಚೀಲ ಒತ್ತಿದರು. ಇಂದಿನ ಐಸಿಯುವಿನ ಬೇರು ಅಲ್ಲಿದೆ.

ಯಂತ್ರವೊಂದೇ ಸಾಲದು ಎಂಬ ಇದೇ ಮಾತು 2021ರಲ್ಲಿ ನಮ್ಮ ಮುಂದೆ ಬಂದು ನಿಂತಿತು. ಎರಡನೇ ಅಲೆಯ ನಡುವೆ ಹಲವು ರಾಜ್ಯಗಳಲ್ಲಿ ವೆಂಟಿಲೇಟರ್‌ಗಳು ಬಳಕೆಯಾಗದೆ ಕುಳಿತಿವೆ ಎಂಬ ಸುದ್ದಿ ಬಂತು. ಮೇ ತಿಂಗಳಲ್ಲಿ ಪ್ರಧಾನಿ, ಕೇಂದ್ರ ಕಳಿಸಿದ ಯಂತ್ರಗಳನ್ನು ಅಳವಡಿಸಲಾಗಿದೆಯೇ, ಅವು ನಡೆಯುತ್ತಿವೆಯೇ ಎಂಬ ತಪಾಸಣೆಗೆ ಆದೇಶಿಸಿದರು. ನಡೆಸಬಲ್ಲವರ ಕೊರತೆ ಯಂತ್ರದ ಕೊರತೆಯಷ್ಟೇ ದೊಡ್ಡದಾಗಿತ್ತು.

ಏಕೆಂದರೆ ಕೊಳವೆಯನ್ನು ಕಾಯುವುದು ಹಗಲೂ ರಾತ್ರಿಯ ಕೆಲಸ. ಬಾಯಿಂದ ಧ್ವನಿತಂತುಗಳ ನಡುವೆ ಇಳಿಸಿದ ಕೊಳವೆಯ ತುದಿಯ ಬಳಿ ಗಾಳಿ ತುಂಬಿದ ಪುಟ್ಟ ಬಲೂನಿರುತ್ತದೆ. ಅದರ ಒತ್ತಡ ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು. ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ, ಕಡಿಮೆಯಾದರೆ ಬಲೂನಿನ ಮೇಲೆ ನಿಂತ ಜೊಲ್ಲು ಸೋರಿ ಶ್ವಾಸಕೋಶ ಸೇರುತ್ತದೆ. ಕೊಳವೆ ಹಾಕಿ 48 ಗಂಟೆ ಕಳೆದ ಮೇಲೆ ತಲೆದೋರುವ ನ್ಯುಮೋನಿಯಾಕ್ಕೆ ಈ ಸೋರಿಕೆ ಒಂದು ದೊಡ್ಡ ಕಾರಣ. ರೋಗಿಯ ತಲೆಯ ಕಡೆ ಹಾಸಿಗೆಯನ್ನು ಏರಿಸಿಡುವುದು, ಬಾಯಿ ಶುಚಿ ಮಾಡುವುದು, ಜೊಲ್ಲು, ಕಫವನ್ನು ಮತ್ತೆ ಮತ್ತೆ ಹೀರಿ ತೆಗೆಯುವುದು (ಸಕ್ಷನ್) ನರ್ಸ್‌ಗಳ ಪಾಲಿಗೆ ಬಿದ್ದ ಕೆಲಸ. ಕೈಗಳು ಕಡಿಮೆಯಿದ್ದಲ್ಲಿ ಮೊದಲು ತಪ್ಪುವುದೂ ಇದೇ.

ಬೆಂಗಳೂರಿನ ಕೋಯಿಯೊ ಲ್ಯಾಬ್ಸ್ ಕೈಹಾಕಿದ್ದು ಸರಿಯಾಗಿ ಈ ಜಾಗಕ್ಕೆ. ನಚಿಕೇತ್ ದೇವಲ್, ನಿತೇಶ್ ಕುಮಾರ್ ಜಾಂಗಿರ್ ಕಟ್ಟಿದ ಈ ಸಂಸ್ಥೆಯ ವ್ಯಾಪ್‌ಕೇರ್ ಉಪಕರಣ, ಶೇಖರವಾದ ಜೊಲ್ಲನ್ನು ಗುರುತಿಸಿ ತಾನೇ ಹೀರಿ ತೆಗೆಯುತ್ತದೆ. ಉಸಿರಾಟದ ತೊಂದರೆಯ ಹಸುಗೂಸುಗಳಿಗಾಗಿ ಅವರು ಮಾಡಿದ ‘ಸಾನ್ಸ್’ ಎಂಬ ಉಪಕರಣ ವಿದ್ಯುತ್ ಇಲ್ಲದಾಗ ಕೈಯಿಂದಲೂ ನಡೆಯುತ್ತದೆ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಮಗುವನ್ನು ಸಾಗಿಸುವ ಆಂಬುಲೆನ್ಸ್‌ಗೆ ಬೇಕಾದದ್ದು ಅಂಥದ್ದೇ.

ತಜ್ಞರ ಕೊರತೆಗೆ ಇನ್ನೊಂದು ದಾರಿಯನ್ನು ಇದೇ ನಗರದ ಕ್ಲೌಡ್‌ಫಿಜಿಷಿಯನ್ 2017ರಿಂದ ಹಿಡಿದಿದೆ. ಡಾ. ಧ್ರುವ್ ಜೋಶಿ ಮತ್ತು ಡಾ. ದಿಲೀಪ್ ರಾಮನ್ ಕಟ್ಟಿದ ಈ ಸಂಸ್ಥೆಯ ವೈದ್ಯರು ದೂರದ ಊರುಗಳ ಐಸಿಯುಗಳನ್ನು ಕ್ಯಾಮೆರಾದ ಮೂಲಕ ನೋಡುತ್ತ ಸಲಹೆ ಕೊಡುತ್ತಾರೆ. ವೆಂಟಿಲೇಟರ್ ಯಾವ ಒತ್ತಡದಲ್ಲಿರಬೇಕೆಂದು ಅವರು ಇಲ್ಲಿಂದಲೇ ಹೇಳಬಲ್ಲರು. ಕೊಳವೆ ಇಳಿಸಬೇಕಾದವರು ಮಾತ್ರ ಆ ಹಾಸಿಗೆಯ ಪಕ್ಕದಲ್ಲೇ ಇರಬೇಕು.